ಏಳೆಪ್ಪತ್ತು ಸಲ ಕ್ಷಮಿಸಬೇಕು, ಸರಿ. ಲೆಕ್ಕ ಕೇಳಬಾರದಾ?

ಪ್ರಶ್ನೆ: ಅಯ್ಯನವರೇ, ನಾನು ಉಡುಪಿ ಜಿಲ್ಲೆಯ ಶಂಕರಪುರದ ಕಡೆಯವಳು. ವಯಸ್ಸು 46. ಅಂಗಳದಲ್ಲಿ ಮಲ್ಲಿಗೆ ಗಿಡ ಉಂಟು, ಅದೇ ನಮ್ಮ ಆದಾಯ. ಮೂರು ವರ್ಷ ಆಗುತ್ತಾ ಬಂತು, ನನ್ನ ತಮ್ಮ ಪಿಕಪ್ ಗಾಡಿ ತೆಗೆಯಲಿಕ್ಕೆ ನನ್ನ ಆರು ಪವನಿನ ಚಿನ್ನದ ಬಳೆ ಕೇಳಿದ. ಕೊಟ್ಟೆ. ಸೊಸೈಟಿಯಲ್ಲಿ ಅಡವಿಟ್ಟ. ಒಂದು ವರ್ಷದಲ್ಲಿ ಬಿಡಿಸಿ ಕೊಡ್ತೇನೆ ಅಂದಿದ್ದ. ಈಗ ಏಲಂ ಆಗಬಾರದು ಅಂತ ಬಡ್ಡಿಯನ್ನೂ ನಾನೇ ಕಟ್ಟುತ್ತಿದ್ದೇನೆ. ಗಾಡಿ ಚೆನ್ನಾಗಿ ಓಡ್ತಾ ಉಂಟು. ಹೂವಿನ ಕಟ್ಟೆಯಲ್ಲಿ ಎಲ್ಲರೂ ನನಗೆ ಅಯ್ಯೋ ಅನ್ನುತ್ತಾರೆ. ಆದರೆ ಮನೆ ಪ್ರಾರ್ಥನೆಯಲ್ಲಿ ಹಿರಿಯರೊಬ್ಬರು “ಏಳೆಪ್ಪತ್ತು ಸಲ ಕ್ಷಮಿಸಬೇಕು” ಅಂದರು. ಇನ್ನೊಬ್ಬರು, ಸಹೋದರನ ಮೇಲೆ ಕೋರ್ಟಿಗೆ ಹೋಗಬಾರದು ಅಂತ ಪೌಲ ಬರೆದಿದ್ದಾನೆ ಅಂದರು. ಅಮ್ಮನದು ಒಂದೇ ಮಾತು, “ಬಿಡು, ತಮ್ಮ ಅಲ್ವಾ.” ಅವನು ಭಾನುವಾರ ಕ್ವಾಯರಿನಲ್ಲಿ ಹಾಡುತ್ತಾನೆ. ಅವನನ್ನು ನೋಡಿದರೆ ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿಗೆ ಎದ್ದು ಹೋಗಲಿಕ್ಕೆ ಕಾಲೇ ಬರುವುದಿಲ್ಲ. ನಾಲ್ಕು ತಿಂಗಳಾಯಿತು. ಹೊಸ ವರ್ಷಕ್ಕೆ ಕಾರ್ಡಿನಲ್ಲಿ ನನಗೆ ಸಿಕ್ಕಿದ ವಚನ ಯೆರೆಮೀಯ 29:11. ದಿನಾ ಬೈಬಲ್ ಓದುತ್ತೇನೆ. ಆದರೆ ಓದಿದ್ದನ್ನು ಈ ವಿಷಯದಲ್ಲಿ ಹೇಗೆ ನಡೆಸುವುದು ಅಂತ ಗೊತ್ತಾಗುವುದಿಲ್ಲ. ವಚನ ಪಾಲಿಸುವುದು ಅಂದರೆ ಬಾಯಿ ಮುಚ್ಚಿಕೊಂಡಿರುವುದಾ?

ಉತ್ತರ: ನಮ್ಮ ಸಭೆಯ ರೂಢಿಯಂತೆ ಸಹೋದರಿ ಅಂತ ಬರೆಯಬೇಕು. ಆದರೆ ಪತ್ರ ಓದಿದ ಮೇಲೆ ತಂಗಿ ಅಂತಲೇ ಬಾಯಿಗೆ ಬರುತ್ತದೆ. ಹಾಗೇ ಇರಲಿ.

ತಂಗೀ, ಬಾಯಿ ಮುಚ್ಚಿಕೊಂಡಿರು ಅಂತ ಬೈಬಲ್ ನಿಮಗೆ ಹೇಳುವುದಿಲ್ಲ. ನಿಮಗೆ ಹೇಳಿದ ಎರಡೂ ವಚನಗಳು ಬೈಬಲಿನಲ್ಲಿ ಇರುವುದು ನಿಜ. ಆದರೆ ಎರಡನ್ನೂ ಅರ್ಧಕ್ಕೆ ಕತ್ತರಿಸಿ ನಿಮ್ಮ ಕೈಗೆ ಕೊಟ್ಟಿದ್ದಾರೆ. ಮಲ್ಲಿಗೆ ಚೆಂಡಿನಿಂದ ಒಂದು ಹೂ ಕಿತ್ತು ಕೊಟ್ಟು ಇದೇ ಚೆಂಡು ಅಂದರೆ ನೀವು ಒಪ್ಪುತ್ತೀರಾ? 800 ಹೂ ಬಾಳೆನಾರಿನಲ್ಲಿ ಸೇರಿದರೆ ಒಂದು ಚೆಂಡು, ಅಂಥ ನಾಲ್ಕು ಸೇರಿದರೆ ಒಂದು ಅಟ್ಟೆ. ವಚನಕ್ಕೂ ಹಾಗೆ ನಾರು ಉಂಟು. ಹಿಂದಿನ ಮಾತು, ಮುಂದಿನ ಮಾತು, ಯಾರು ಯಾರಿಗೆ ಹೇಳಿದ್ದು ಎಂಬುದು.

ಮೊದಲು ಮತ್ತಾಯ 18 ತೆಗೆಯಿರಿ. ಏಳೆಪ್ಪತ್ತು ಸಲದ ಮಾತು ಬರುವುದು 22ನೇ ವಚನದಲ್ಲಿ. ನೀವು 15ಕ್ಕೆ ಹೋಗಿ. ನಿನ್ನ ಸಹೋದರ ತಪ್ಪು ಮಾಡಿದರೆ ಹೋಗಿ, ನೀನೂ ಅವನೂ ಇಬ್ಬರೇ ಇರುವಾಗ ಅವನ ತಪ್ಪನ್ನು ಅವನಿಗೆ ತಿಳಿಸು ಅಂತ ಯೇಸು ಅಲ್ಲಿ ಹೇಳುತ್ತಾನೆ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಮಾತಿಗೆ ಸಾಕ್ಷಿ ಇರಲಿ. ಅದಕ್ಕೂ ಬಗ್ಗದಿದ್ದರೆ ಸಭೆಗೆ ಹೇಳು. ಇಷ್ಟು ಹೇಳಿ ಮುಗಿಸಿದ ಮೇಲೆಯೇ ಪೇತ್ರ ಬಂದು, ಎಷ್ಟು ಸಲ ಕ್ಷಮಿಸಬೇಕು, ಏಳು ಸಲವಾ, ಅಂತ ಕೇಳುವುದು. ಹಾಗಾದರೆ ಏಳೆಪ್ಪತ್ತರ ಮಾತು ಬರುವುದು ತಪ್ಪನ್ನು ಮುಖಕ್ಕೆ ಹೇಳುವ ದಾರಿ ತೋರಿಸಿದ ನಂತರ. ಲೂಕ 17:3ರಲ್ಲಿ ಇದು ಇನ್ನೂ ಚಿಕ್ಕದಾಗಿ ಉಂಟು. ಸಹೋದರ ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು. ಗದರಿಸುವ ಭಾಗವನ್ನು ನಮ್ಮ ಸಭೆಗಳಲ್ಲಿ ಯಾರೂ ಬಾಯಿಪಾಠ ಮಾಡಿಸುವುದಿಲ್ಲ. ಸಂಡೇ ಸ್ಕೂಲಿನಲ್ಲಿ ನಾನೂ ಮಾಡಿಸಿರಲಿಲ್ಲ.

ಪೇತ್ರನಿಗೆ ಯೇಸು ಹೇಳಿದ ಕಥೆ ನಿಮಗೆ ಗೊತ್ತಿರುವುದೇ. ಅರಸನಿಗೆ ಸಾಲಗಾರನಾದ ಸೇವಕನ ಕಥೆ. ಅದು ಶುರುವಾಗುವುದು ಹೇಗೆ ನೋಡಿ. ಅರಸ ತನ್ನ ಸೇವಕರಿಂದ ಲೆಕ್ಕ ತೆಗೆದುಕೊಳ್ಳಬೇಕು ಅಂತ ಕೂತಿದ್ದಾನೆ. ಮೊದಲು ಪುಸ್ತಕ ತೆರೆಯುತ್ತಾನೆ, ಮೊತ್ತ ಎಷ್ಟೆಂದು ಎಲ್ಲರ ಎದುರು ಗೊತ್ತಾಗುತ್ತದೆ, ಸಾಲಗಾರ ಕಾಲಿಗೆ ಬೀಳುತ್ತಾನೆ, ಆಮೇಲೆ ಅರಸ ಬಿಟ್ಟುಬಿಡುತ್ತಾನೆ. ಲೆಕ್ಕ ಮೊದಲು, ಕ್ಷಮೆ ನಂತರ. ನಿಮ್ಮ ವಿಷಯದಲ್ಲಿ ಲೆಕ್ಕದ ಪುಸ್ತಕವನ್ನೇ ತೆರೆಯಬೇಡ ಅನ್ನುತ್ತಾ ಇದ್ದಾರೆ. ಮೊತ್ತವೇ ಗೊತ್ತಿಲ್ಲದೆ ಬಿಟ್ಟುಕೊಡುವುದು ಏನನ್ನು?

ಆ ಮೊತ್ತಗಳನ್ನು ಒಮ್ಮೆ ಲೆಕ್ಕ ಹಾಕೋಣ. ನನಗೆ ಇದು ಸ್ವಲ್ಪ ಹುಚ್ಚಿನ ವಿಷಯ, ಸಹಿಸಿಕೊಳ್ಳಿ. ಮೊದಲ ಸೇವಕನ ಸಾಲ 10,000 ತಲಾಂತು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಅಂದರೆ ಒಬ್ಬ ಕೂಲಿಯವನ ಒಂದು ದಿನದ ಸಂಬಳ, ಮತ್ತಾಯ 20ರ ದ್ರಾಕ್ಷಿತೋಟದ ಕಥೆಯಲ್ಲಿ ಆ ದರ ಸಿಗುತ್ತದೆ. ಹಾಗಾದರೆ ಸಾಲ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲಿಕ್ಕೆ 2 ಲಕ್ಷ ವರ್ಷ. ಯೇಸುವಿನ ಕಾಲದಲ್ಲಿ ಆಳುತ್ತಿದ್ದ ಹೆರೋದ ಅಂತಿಪನಿಗೆ ಗಲಿಲಾಯ, ಪೆರೆಯ ಎರಡೂ ಸೀಮೆ ಸೇರಿ ವರ್ಷಕ್ಕೆ ಬರುತ್ತಿದ್ದ ಕಂದಾಯ 200 ತಲಾಂತು ಅಂತ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂದರೆ ಅರಸನ 50 ವರ್ಷದ ಕಂದಾಯವನ್ನು ಒಬ್ಬ ಸೇವಕ ನುಂಗಿದ್ದಾನೆ. ಕೇಳುತ್ತಿದ್ದ ಜನ ನಕ್ಕಿರಬೇಕು.

ಎರಡನೆಯವನ ಸಾಲ 100 ದಿನಾರಿ. ಪ್ರಸಂಗ ಮಾಡುವಾಗ ನಾವು ಇದನ್ನು ಚಿಲ್ಲರೆ ಕಾಸು ಅಂತ ತೋರಿಸುತ್ತೇವೆ. ಮೊದಲನೆಯದರ ಎದುರು ಚಿಲ್ಲರೆಯೇ, 6 ಲಕ್ಷದಲ್ಲಿ ಒಂದು ಪಾಲು. ಆದರೆ ನೂರು ದಿನದ ಕೂಲಿ ಬಡವನಿಗೆ ಸಣ್ಣದಾ? ನೂರು ದಿನ ಬೆಳಗಿನ ಜಾವ ಎದ್ದು ಮೊಗ್ಗು ಕೊಯ್ದ ಹಣ ಹೋದರೆ ನಿಮಗೆ ಹೇಗಾಗುತ್ತದೆ? ಯೇಸು ಆ ಸಾಲವನ್ನು ಸೊನ್ನೆ ಅಂತ ಹೇಳಲಿಲ್ಲ. ನಷ್ಟ ನಿಜವಾದದ್ದು ಅಂತ ಒಪ್ಪಿಕೊಂಡೇ ಮಾತಾಡುತ್ತಾನೆ. ನಿಮ್ಮ ಆರು ಪವನ್ ಹೋದದ್ದು ದೊಡ್ಡ ವಿಷಯವೇ ಅಲ್ಲ ಅನ್ನುವವರು ಈ ಕಥೆಯ ಲೆಕ್ಕ ಹಾಕಿ ನೋಡಿದವರಲ್ಲ.

ಆದರೆ ಕಥೆಯ ಕೊನೆಯನ್ನು ನಾನು ನುಂಗಿಕೊಳ್ಳುವ ಹಾಗಿಲ್ಲ. ಕ್ಷಮೆ ಸಿಕ್ಕಿದ ಮೊದಲನೆಯವನು ಎರಡನೆಯವನ ಕುತ್ತಿಗೆ ಹಿಡಿಯುತ್ತಾನೆ. ಸ್ವಲ್ಪ ತಾಳಿಕೋ, ಕೊಟ್ಟು ತೀರಿಸುತ್ತೇನೆ ಅಂತ ಅವನು ಬೇಡಿದರೂ ಕೇಳದೆ ಸೆರೆಮನೆಗೆ ಹಾಕಿಸುತ್ತಾನೆ. ಅರಸನಿಗೆ ಸಿಟ್ಟು ಬಂದದ್ದು ಅಲ್ಲಿ. ಹೃದಯಪೂರ್ವಕವಾಗಿ ಕ್ಷಮಿಸದಿದ್ದರೆ ನಿಮಗೂ ಹೀಗೇ ಅಂತ ಯೇಸು ಕಥೆ ಮುಗಿಸುತ್ತಾನೆ. ಇದು ನನಗೂ ನಿಮಗೂ ಹೇಳಿದ ಮಾತು. ಕೇಳುವುದು ಬೇರೆ, ಕುತ್ತಿಗೆ ಹಿಡಿಯುವುದು ಬೇರೆ. ನಿಮ್ಮ ತಮ್ಮ ಇನ್ನೂ “ತಾಳು ಅಕ್ಕ” ಅಂತ ಕೂಡ ಹೇಳಿಲ್ಲ, ಅದು ಬೇರೆ ಮಾತು. ಹೇಳಿದ ದಿನ ನೀವು ತಾಳಬೇಕಾಗುತ್ತದೆ.

ಇಲ್ಲಿ ಒಂದು ಶಬ್ದದ ವಿಷಯ. ಕರ್ತನ ಪ್ರಾರ್ಥನೆಯಲ್ಲಿ “ನಮ್ಮ ತಪ್ಪುಗಳನ್ನು ಕ್ಷಮಿಸು” ಅಂತ ಹೇಳುತ್ತೇವಲ್ಲ, ಮತ್ತಾಯ 6:12ರ ಗ್ರೀಕ್ ಮೂಲದಲ್ಲಿ ತಪ್ಪು ಅನ್ನುವಲ್ಲಿ ಇರುವುದು ಸಾಲ ಎಂಬ ಶಬ್ದ. ಕ್ಷಮಿಸು ಅನ್ನುವಲ್ಲಿ ಇರುವುದು ಬಿಟ್ಟುಬಿಡು, ಕೈಬಿಡು ಎಂಬ ಅರ್ಥದ್ದು. ಸಾಲ ಬಿಡುವವನು ಅದರ ಒಡೆಯ. ನಿಮ್ಮ ಬಳೆ ಬಿಟ್ಟುಕೊಡುವ ಹಕ್ಕು ನಿಮ್ಮದು. ಪ್ರಾರ್ಥನೆಗೆ ಬಂದ ಹಿರಿಯರದ್ದೂ ಅಲ್ಲ, ಅಮ್ಮನದ್ದೂ ಅಲ್ಲ. ತಿರುಗಿ ಬರುವ ನಿರೀಕ್ಷೆ ಇಲ್ಲದೆ ಸಾಲ ಕೊಡಿರಿ ಎಂಬ ಲೂಕ 6:35 ಕೂಡ ಕೊಡುವವನ ಕಿವಿಗೆ ಹೇಳಿದ ಮಾತು. ಪಕ್ಕದಲ್ಲಿ ನಿಂತವನು ಅದನ್ನು ಹಿಡಿದು ಬೇರೆಯವರ ಚಿನ್ನ ದಾನ ಮಾಡುವ ಹಾಗಿಲ್ಲ.

ಇನ್ನು ಕೋರ್ಟಿನ ವಚನ, 1 ಕೊರಿಂಥ 6. ಪೌಲ ಅಲ್ಲಿ ಸಿಟ್ಟಾಗಿರುವುದು ಹೌದು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ವ್ಯಾಜ್ಯ ಹಾಕಿಕೊಂಡು ಹೊರಗಿನವರ ಮುಂದೆ ನಿಲ್ಲುತ್ತಿದ್ದರು. ರೋಮಿನ ಕಾಲದ ಊರುಗಳಲ್ಲಿ ನ್ಯಾಯಸ್ಥಾನ ಹಣವಿದ್ದವರ ಕಡೆ ವಾಲುತ್ತಿತ್ತು ಎಂಬುದೂ ನೆನಪಿರಲಿ. ಆದರೆ 5ನೇ ವಚನದಲ್ಲಿ ಅವನು ನಾಚಿಸುವುದು ಯಾರನ್ನು? ಸಹೋದರರ ನಡುವೆ ತೀರ್ಮಾನ ಮಾಡುವ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ಲವಾ ಅಂತ ಇಡೀ ಸಭೆಯನ್ನು ಕೇಳುತ್ತಾನೆ. ನ್ಯಾಯ ಮಾಡುವ ಹೊಣೆ ಸಭೆಯ ಮೇಲೆ ಬಿತ್ತು. ಅನ್ಯಾಯವನ್ನು ಯಾಕೆ ಸಹಿಸಬಾರದು ಎಂಬ ಮಾತು 7ರಲ್ಲಿ ಇದೆ, ಅದನ್ನು ಮರೆಮಾಡುವುದಿಲ್ಲ. ಆದರೆ ಮರು ಉಸಿರಿನಲ್ಲೇ, 8ರಲ್ಲಿ, ನೀವೇ ಅನ್ಯಾಯ ಮಾಡುತ್ತೀರಿ, ಮೋಸ ಮಾಡುತ್ತೀರಿ, ಅದೂ ಸಹೋದರರಿಗೆ, ಅಂತ ತಿರುಗಿ ಬೀಳುತ್ತಾನೆ. 7ನ್ನು ನಿಮಗೆ ಓದಿದವರು 8ನ್ನು ನಿಮ್ಮ ತಮ್ಮನಿಗೆ ಓದಿದರಾ? ಅವನು ಕ್ವಾಯರಿನಲ್ಲಿ ಮುಂದೆಯೇ ನಿಂತಿರುತ್ತಾನಲ್ಲ, ಹುಡುಕುವ ಕಷ್ಟವೂ ಇಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ನೀವಿಬ್ಬರೇ ಮಾತಾಡಿದ್ದಕ್ಕೆ ತಮ್ಮ ಬಗ್ಗದಿದ್ದರೆ, ಮತ್ತಾಯ 18ರ 22ನೇ ವಚನ ಹೇಳಿದ ಆ ಹಿರಿಯರನ್ನೇ ಅದೇ ಅಧ್ಯಾಯದ 16ನೇ ವಚನಕ್ಕೆ ಕರೆಯಿರಿ. ನನ್ನೊಟ್ಟಿಗೆ ತಮ್ಮನ ಮನೆಗೆ ಸಾಕ್ಷಿಯಾಗಿ ಬನ್ನಿ ಅಂತ. ಬಂದರೆ ಒಳ್ಳೆಯದು. ಬರದಿದ್ದರೆ ಮತ್ತೆ ನಿಮಗೆ ವಚನ ಹೇಳಲಿಕ್ಕೆ ಅವರು ಸ್ವಲ್ಪ ಯೋಚಿಸುತ್ತಾರೆ. ಹೊಟ್ಟೆಗೆ ಇಲ್ಲದವನಿಗೆ “ಸಮಾಧಾನದಿಂದ ಹೋಗು, ತೃಪ್ತಿಯಾಗು” ಅಂತ ಬಾಯಿಮಾತು ಹೇಳಿ ಕಳಿಸುವುದನ್ನು ಯಾಕೋಬ ತನ್ನ ಪತ್ರದ 2ನೇ ಅಧ್ಯಾಯದಲ್ಲಿ ಚೆನ್ನಾಗಿ ಹಂಗಿಸಿದ್ದಾನೆ. ಯುರೋಪಿನಿಂದ ನಮ್ಮೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಮಿಷನರಿ ಸಂಸ್ಥೆಯವರ ಎಲ್ಲ ಕೆಲಸವನ್ನೂ ನಾನು ಹೊಗಳುವವನಲ್ಲ. ಆದರೆ ಈ ವಚನವನ್ನು ಅವರು ಬಾಯಲ್ಲೇ ಬಿಡಲಿಲ್ಲ. ಸಭೆಗೆ ಸೇರಿದ ಮೇಲೆ ಜಾತಿಯ ಕಸುಬು, ಮನೆ, ಗದ್ದೆ ಕಳಕೊಂಡವರಿಗೆ ಕೆಲಸ ಬೇಕಿತ್ತು. 1851ರಲ್ಲಿ ಮಂಗಳೂರಿನ ನೇಯ್ಗೆ ಕೆಲಸಕ್ಕೆ ಯುರೋಪಿನಿಂದ ಹಾಲರ್ ಬಂದದ್ದು, 1865ರಲ್ಲಿ ಜಪ್ಪುವಿನಲ್ಲಿ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರುಮಾಡಿದ್ದು ಈ ಒತ್ತಡದಲ್ಲೇ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಾಡಿನ ಕೆಂಪು ಹಂಚಿನ ಹಿಂದೆ ಯಾಕೋಬನ ಆ ಎರಡು ವಚನಗಳೂ ಇವೆ ಅಂತ ನನಗೆ ಅನಿಸುತ್ತದೆ.

ಸುಮ್ನೆ ಬೇರೆಯವರನ್ನು ದೂರುತ್ತಿಲ್ಲ. ಹೊಸದಾಗಿ ಸಭಾಪಾಲಕನಾಗಿದ್ದಾಗ ನಾನೂ ಇದನ್ನೇ ಮಾಡಿದ್ದೇನೆ. ಒಂದು ಸಾವಿನ ಮನೆ, ದೋಣಿಗೆ ಹೋದ ಮಗ ತಿರುಗಿ ಬಂದಿರಲಿಲ್ಲ. ತಾಯಿಯ ಎದುರು ನಿಂತು ರೋಮ 8:28 ಹೇಳಿದೆ, ದೇವರನ್ನು ಪ್ರೀತಿಸುವವರ ಹಿತಕ್ಕಾಗಿ ಎಲ್ಲವೂ ಕೂಡಿ ಬರುತ್ತದೆ ಅಂತ. ಆಕೆ ತಲೆ ಎತ್ತಿ, “ಅದು ನಂಗೂ ಗೊತ್ತುಂಟು ಅಯ್ಯನವರೇ, ನೀವು ಸ್ವಲ್ಪ ಹೊತ್ತು ಕೂತ್ಕೊಳ್ಳಿ” ಅಂದರು. ಅದೇ ಪತ್ರದ 12:15ರಲ್ಲಿ ಅಳುವವರ ಸಂಗಡ ಅಳಿರಿ ಅಂತ ಉಂಟು. ನಾಲ್ಕು ಪುಟ ತಿರುಗಿಸಿದ್ದರೆ ನನಗೆ ಸಿಗುತ್ತಿತ್ತು.

ಈಗ ನಿಮ್ಮ ಕಡೆಗೆ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪತ್ರದಲ್ಲಿ ಒಂದು ಸಾಲು ಬರೆದಿದ್ದೀರಿ, ಹೂವಿನ ಕಟ್ಟೆಯಲ್ಲಿ ಎಲ್ಲರೂ ಅಯ್ಯೋ ಅನ್ನುತ್ತಾರೆ ಅಂತ. ಅಂದರೆ ವಿಷಯ ಕಟ್ಟೆಗೆ ಹೋಗಿದೆ. ಮನೆ ಪ್ರಾರ್ಥನೆಗೆ ಹೋಗಿದೆ. ತಮ್ಮನ ಎದುರು ಕೂತು, ಇಬ್ಬರೇ ಇರುವಾಗ, ಇಂಥ ದಿನ ಇಷ್ಟು ಕೊಟ್ಟಿದ್ದೇನೆ, ಇಷ್ಟು ಬಡ್ಡಿ ಕಟ್ಟಿದ್ದೇನೆ ಅಂತ ಒಮ್ಮೆಯಾದರೂ ಹೇಳಿದ್ದೀರಾ? ಪತ್ರದಲ್ಲಿ ಅದು ಕಾಣಲಿಲ್ಲ. ನಿಮ್ಮ ಬಾಯಿ ತೆರೆಸುವ ಮತ್ತಾಯ 18ರ 15ನೇ ವಚನವೇ ಕಟ್ಟೆಯಲ್ಲಿ ನಿಮ್ಮ ಬಾಯಿಗೆ ಕೈ ಅಡ್ಡ ಹಿಡಿಯುತ್ತದೆ. ವಚನ ಓದಿದಾಗ ಇದು ಅವನಿಗೆ ಸರಿಯಾಗಿ ತಾಗುತ್ತದೆ ಅಂತ ಅನಿಸಿದರೆ ನಾನು ಮೊದಲು ಅದೇ ಪುಟದಲ್ಲಿ ನನಗೆ ತಾಗುವುದು ಏನಿದೆ ಅಂತ ಹುಡುಕುತ್ತೇನೆ. ಹೆಚ್ಚಿನ ಸಲ ಸಿಗುತ್ತದೆ.

ಆದ್ದರಿಂದ ಕೀರ್ತನೆ 37:21ನ್ನು (ದುಷ್ಟನು ಸಾಲ ಮಾಡಿ ತೀರಿಸುವುದಿಲ್ಲ ಎಂಬುದು) ಅವನ ವಾಟ್ಸಾಪಿಗೆ ಕಳಿಸಬೇಡಿ. ಸ್ಟೇಟಸ್ಸಿನಲ್ಲಿ ಹಾಕುವುದಂತೂ ಬೇಡವೇ ಬೇಡ. ಹಾಗೆ ಕಳಿಸಿದ ವಚನವನ್ನು ಯಾರೂ ವಚನ ಅಂತ ಓದುವುದಿಲ್ಲ.

ಅವನ ಮನೆಗೆ ಹೋಗುವ ಮುಂಚೆ ಧರ್ಮೋಪದೇಶಕಾಂಡ 24ರ 10 ಮತ್ತು 11 ಓದಿ. ಸಾಲ ಕೊಟ್ಟವನು ಒತ್ತೆ ತೆಗೆದುಕೊಳ್ಳಲಿಕ್ಕೆ ಸಾಲಗಾರನ ಮನೆಯೊಳಗೆ ನುಗ್ಗಬಾರದು. ಹೊರಗೆ ನಿಲ್ಲಬೇಕು, ಅವನೇ ತಂದು ಕೊಡಬೇಕು. ಎಷ್ಟು ಸೂಕ್ಷ್ಮ ನೋಡಿ. ಕೇಳುವ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ, ಆದರೆ ಹೆಂಡತಿ ಮಕ್ಕಳ ಎದುರು ಅವನ ಮಾನ ಉಳಿಯಲಿ ಅನ್ನುತ್ತದೆ. ನಿಮ್ಮ ತಮ್ಮನ ಹೆಂಡತಿಗೆ ಈ ಬಳೆಯ ವಿಷಯ ಗೊತ್ತೇ ಇಲ್ಲದಿರಬಹುದು. ಅವಳ ಎದುರು ಶುರು ಮಾಡಬೇಡಿ.

ಲೆಕ್ಕವನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ಒಪ್ಪಿದರೆ ಕಂತು ಮಾಡಿಕೊಳ್ಳಿ, ಗಾಡಿ ಬಾಡಿಗೆಯಿಂದ ತಿಂಗಳಿಗೆ ಎಷ್ಟು, ಬಡ್ಡಿ ಯಾರು, ಯಾವಾಗ ಬಿಡಿಸುವುದು. ಅವನ ಕೈಯಲ್ಲೇ ಬರೆಸಿ ಸಹಿ ಹಾಕಿಸಿ. ಒಡಹುಟ್ಟಿದವರ ನಡುವೆ ಕಾಗದ ಯಾಕೆ ಅಂತ ಅಮ್ಮ ಕೇಳಿದರೆ ಪೌಲ ಫಿಲೆಮೋನನಿಗೆ ಬರೆದ ಪತ್ರ ತೋರಿಸಿ. ಒಂದೇ ಅಧ್ಯಾಯ. ನಿನ್ನ ದಾಸ ಒನೇಸಿಮನಿಂದ ನಿನಗೆ ಏನಾದರೂ ನಷ್ಟವಾಗಿದ್ದರೆ, ಅವನು ಸಾಲ ತೀರಿಸಬೇಕಿದ್ದರೆ, ನನ್ನ ಲೆಕ್ಕಕ್ಕೆ ಹಾಕು ಅಂತ ಹೇಳಿ ಪೌಲ ಮುಂದಿನ ಸಾಲನ್ನು ತನ್ನ ಸ್ವಂತ ಕೈಯಿಂದಲೇ ಬರೆದಿದ್ದೇನೆ ಅನ್ನುತ್ತಾನೆ, ನಾನೇ ಕೊಟ್ಟು ತೀರಿಸುತ್ತೇನೆ ಅಂತ. ಬೈಬಲಿನೊಳಗಿರುವ ಪ್ರಾಮಿಸರಿ ನೋಟು ಅದು. ಪೌಲನೇ ಬರೆದು ಕೊಟ್ಟ ಮೇಲೆ ನಿಮ್ಮ ತಮ್ಮ ಬರೆದರೆ ಕಡಿಮೆಯಾಗುವುದಿಲ್ಲ.

ಕಾಗದಕ್ಕೆ ಇನ್ನೊಂದು ಕಾರಣವೂ ಉಂಟು. ಕೊಟ್ಟ ಸಾಲ ವಸೂಲಿಗೆ ದಾವೆ ಹಾಕಲಿಕ್ಕೆ ನಮ್ಮ ಕಾನೂನಿನಲ್ಲಿ ಸಾಮಾನ್ಯವಾಗಿ 3 ವರ್ಷದ ಅವಧಿ. ಅದರೊಳಗೆ ಸಾಲಗಾರ ಬರೆದು ಸಹಿ ಹಾಕಿ ಒಪ್ಪಿಕೊಂಡರೆ ಆ ದಿನದಿಂದ ಹೊಸದಾಗಿ ಎಣಿಕೆ. ನೀವು ಕೊಟ್ಟದ್ದು ಹಣವಲ್ಲ, ಬಳೆ. ಹಾಗಾಗಿ ನಿಮ್ಮ ದಿನ ಎಂದಿನಿಂದ ಎಣಿಸಬೇಕು ಅಂತ ವಕೀಲರನ್ನು ಬೇಗ ಕೇಳಿ. ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿದರೆ ಆಯಿತು. ಲೋಕ ಅದಾಲತ್ತಿನಲ್ಲಿ ಎರಡೂ ಕಡೆಯವರು ಒಪ್ಪಿಯೇ ತೀರ್ಮಾನವಾಗುವುದು. ಎದುರಾಳಿಯೊಂದಿಗೆ ದಾರಿಯಲ್ಲಿರುವಾಗಲೇ ಬೇಗ ರಾಜಿ ಮಾಡಿಕೋ ಎಂಬ ಮತ್ತಾಯ 5:25ಕ್ಕೆ ಅದಕ್ಕಿಂತ ಹತ್ತಿರದ ಜಾಗ ನನಗೆ ಕಾಣುವುದಿಲ್ಲ. ಇಬ್ಬರೇ ಮಾತಾಡಿ, ಸಾಕ್ಷಿ ಕರೆದು, ಸಭೆಗೂ ಹೇಳಿ ಆದ ಮೇಲೆ ಅಲ್ಲಿಗೆ ಹೋದರೆ ನೀವು ವಚನ ಮೀರಿದ ಹಾಗಾಗುವುದಿಲ್ಲ.

ಅವನ ಕೈಯಲ್ಲಿ ನಿಜವಾಗಿ ಏನೂ ಇಲ್ಲ ಅಂತ ಗೊತ್ತಾದರೆ? ಆಗ ಬಿಟ್ಟುಬಿಡುವ ಪ್ರಶ್ನೆ ಬರುತ್ತದೆ. ಬಿಟ್ಟರೆ ಬಾಯಿ ಬಿಟ್ಟು ಹೇಳಿಯೇ ಬಿಡಿ, ಇಷ್ಟು ಇತ್ತು, ಇಷ್ಟು ಬಿಟ್ಟಿದ್ದೇನೆ ಅಂತ. ಆಮೇಲೆ ಕಟ್ಟೆಯಲ್ಲಿ ಅದರ ಮಾತು ಎತ್ತಬಾರದು. ಅರ್ಧ ಬಿಡುವುದಕ್ಕೂ ಅಡ್ಡಿಯಿಲ್ಲ. ನಿಮ್ಮ ಗಂಡನನ್ನೂ ಕೇಳಿ, ಆ ಬಡ್ಡಿ ಅವರ ಊಟದಿಂದಲೂ ಹೋಗಿದೆ.

ಹೊಸ ವರ್ಷದ ನಿಮ್ಮ ವಚನದ ಬಗ್ಗೆ. ನಿಮಗೆ ಒಳ್ಳೆಯ ಗತಿಯಾಗಲಿ, ನಿರೀಕ್ಷೆ ಇರಲಿ ಎಂಬ ಆ ಮಾತನ್ನು ಯೆರೆಮೀಯ ಬರೆದದ್ದು ಸೆರೆಯಾಗಿ ಬಾಬೆಲಿಗೆ ಹೋದವರಿಗೆ. ಮೊದಲ ದೊಡ್ಡ ಗುಂಪು ಕ್ರಿ.ಪೂ. 597ರಲ್ಲಿ ಹೋಗಿತ್ತು. ಎರಡೇ ವರ್ಷದಲ್ಲಿ ಎಲ್ಲ ಸರಿಯಾಗುತ್ತದೆ ಅಂತ ಹನನ್ಯ ಎಂಬ ಪ್ರವಾದಿ ಹೇಳಿದ್ದು ಹಿಂದಿನ ಅಧ್ಯಾಯದಲ್ಲಿ ಉಂಟು. ಯೆರೆಮೀಯ 70 ವರ್ಷ ಅಂದ. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ, ನೀವಿರುವ ಪಟ್ಟಣದ ಕ್ಷೇಮ ಬಯಸಿ ಅಂತ 5ರಿಂದ 7ರವರೆಗೆ ಬರೆದ. ಚಿಕ್ಕ ಕಾರ್ಡಿನಲ್ಲಿ ಇಷ್ಟೆಲ್ಲ ಹಿಡಿಯುವುದಿಲ್ಲ ಬಿಡಿ. ಈ ವರ್ಷ ಬಳೆ ಬಂದೇ ಬರುತ್ತದೆ ಅಂತ ಆ ವಚನದಿಂದ ನಾನು ಹೇಳಲಾರೆ. ಆದರೆ ಬಳೆಯ ಚಿಂತೆಯಲ್ಲಿ ಗಿಡಕ್ಕೆ ಗೊಬ್ಬರ ಹಾಕುವುದು, ಗೆಲ್ಲು ಕತ್ತರಿಸುವುದು ನಿಲ್ಲಿಸಿದ್ದರೆ ಅದನ್ನು ಮತ್ತೆ ಶುರು ಮಾಡಿ. ಅದು ನೇರವಾಗಿ 5ನೇ ವಚನ.

ಇನ್ನು ಕರ್ತನ ಭೋಜನ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ನೋವಾದದ್ದು ಇದೇ. ಯಜ್ಞವೇದಿಯ ಹತ್ತಿರ ಕಾಣಿಕೆ ಬಿಟ್ಟು ಹೋಗಿ ಮೊದಲು ಒಂದಾಗು ಅಂತ ಮತ್ತಾಯ 5:23ರಲ್ಲಿ ಹೇಳಿದ್ದು ಯಾರಿಗೆ? ತನ್ನ ಮೇಲೆ ಸಹೋದರನಿಗೆ ಏನೋ ದೂರಿದೆ ಅಂತ ನೆನಪಾದವನಿಗೆ. ಈ ವಿಷಯದಲ್ಲಿ ಅದು ನಿಮ್ಮ ತಮ್ಮ. ಎದ್ದು ಹೋಗಬೇಕಾದವನು ಹಾಡುತ್ತಿದ್ದಾನೆ, ಬರಬೇಕಾದವರು ಬೆಂಚಿನಲ್ಲಿ ಕೂತಿದ್ದೀರಿ. ಪೌಲ 1 ಕೊರಿಂಥ 11:28ರಲ್ಲಿ ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಂಡು ರೊಟ್ಟಿಯನ್ನು ತಿನ್ನಲಿ ಅಂದ. ತನ್ನನ್ನು. ಪಕ್ಕದವನ ಪರೀಕ್ಷೆ ನಮ್ಮ ಪಾಲಿಗೆ ಬಂದಿಲ್ಲ. ಬರುವ ಸಲ ಎದ್ದು ಹೋಗಿ. ಕಾಲು ಭಾರವಾದರೆ ಆಗಲಿ, ಸಿಟ್ಟು ಪೂರ್ತಿ ಇಳಿದಿರಬೇಕು ಅಂತೇನೂ ಇಲ್ಲ.

ತಮ್ಮನ ಹತ್ತಿರ ಮಾತಾಡಲಿಕ್ಕೆ ಭಾನುವಾರ ಆರಾಧನೆ ಬಿಟ್ಟ ಹೊತ್ತಿನ ಚರ್ಚಿನ ಅಂಗಳ ಬೇಡ, ಅಮ್ಮನ ಮನೆಯ ಊಟದ ಹೊತ್ತೂ ಬೇಡ. ವಾರದ ಮಧ್ಯೆ, ಹೂ ಕಟ್ಟೆಗೆ ಕೊಟ್ಟು ಬಂದ ಮೇಲೆ ಫೋನ್ ಮಾಡಿ, ಅವನೊಬ್ಬನೇ ಸಿಗುವ ಜಾಗ ಕೇಳಿಕೊಂಡು ಹೋಗಿ. ಬಡ್ಡಿ ಕಟ್ಟಿದ ಸೊಸೈಟಿಯ ರಶೀದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಜೊತೆಗಿಟ್ಟುಕೊಳ್ಳಿ. ಒಂದು ಸೆಟ್ ಜೆರಾಕ್ಸ್ ಮನೆಯಲ್ಲಿ ಇರಲಿ.